ನಿರ್ಜಲ ಜಳಕದ ಆಚಾರ್ಯರೊಡನೆ ಒಂದು ಸಂದರ್ಶನ

ಗದಗ ಸೀಮೆಯ ಎರೆಭೂಮಿಯಲ್ಲಿ ಬೇಸಗೆ ಕಾಲಿಟ್ಟಿತೆಂದರೆ ನೀರೆಂಬುದು ಕುಡಿಯುವ ವಸ್ತುವಾಗಿರುವುದಕ್ಕಿಂತ ಹೆಚ್ಚಾಗಿ ಮಾತನಾಡುವ ವಸ್ತುವಾಗಿಬಿಡುತ್ತದೆ. ನಲ್ಲಿಗೆ ನೀರು ಬಂದಿತೆ, ಬರದಿದ್ದರೆ ಎಂದು ಬಂದೀತು, ಬಂದುದು ಎಷ್ಟು ಕೊಡಕ್ಕಾಯಿತು ಎಂಬಿವೇ ಕುಶಲಪ್ರಶ್ನೆಗಳ ಸ್ಥಾನವನ್ನು ಆಕ್ರಮಿಸುತ್ತವೆ. ಇಂತಹ ಋತುವಿನಲ್ಲಿ, ಅಸುಂಡಿಯ ಒಂದು ಮನೆಯ ಬಚ್ಚಲ ಗೂಡಿನೊಳಗೆ, ಸೀಗೆಪುಡಿಯ ಹಳೆಯ ತಗಡಿನ ಡಬ್ಬಿಯ ಮಗ್ಗುಲಿಗೆ, ಬೆಂಗಳೂರಿನಲ್ಲಿ ಓದುತ್ತಿರುವ ಆ ಮನೆಯ ಮಗಳ ಚೀಲದಿಂದ ಇಳಿದುಬಂದ ನೀಳಕಾಯದ ಮಹನೀಯರೊಬ್ಬರು ಬಿಡಾರ ಹೂಡಿರುವರೆಂದೂ, ಅವರು ಒಂದು ಹನಿ ನೀರನ್ನೂ ಮುಟ್ಟದೆ ಜಿಡ್ಡುಗಟ್ಟಿದ ತಲೆಯನ್ನು ಶುಚಿಗೊಳಿಸಬಲ್ಲರೆಂದೂ ವಾರ್ತೆ ಹಬ್ಬಿದುದರಿಂದ, ಲೋಕಹಿತಾರ್ಥವಾಗಿ ಅವರನ್ನು ಕಂಡು ಮಾತನಾಡಿಸುವುದು ಕರ್ತವ್ಯವೆನಿಸಿತು. ನೆರೆಯ ಸೀಗೆಪುಡಿಯವರು ಆಹ್ವಾನವಿಲ್ಲದೆಯೇ ನಡುನಡುವೆ ಬಾಯಿ ಹಾಕಿದರು. ಪತ್ರಿಕಾಧರ್ಮಕ್ಕನುಸಾರವಾಗಿ ಅದನ್ನೂ ಇಲ್ಲಿ ದಾಖಲಿಸಲಾಗಿದೆ.

ಸಂದರ್ಶಕ: ನಮಸ್ಕಾರ. ತಾವು ಯಾರೆಂಬುದನ್ನು ಓದುಗರಿಗೆ ತಿಳಿಸುವ ಕೃಪೆಯಾಗಲಿ.

ಒಣ ಶಾಂಪೂ: ನಾನು ಜಲಮುಕ್ತ ಸಂಸ್ಕೃತಿಯ ಪ್ರವರ್ತಕ. ತುಂಗಭದ್ರೆಯ ನೀರು ಹಮ್ಮಿಗಿಯ ಬ್ಯಾರೇಜಿನಿಂದ ಹೊರಟು, ಕೊಳವೆಯೊಳಗೆ ಏದುಸಿರು ಬಿಡುತ್ತ ಗದಗ-ಬೆಟಗೇರಿಯನ್ನು ಮುಟ್ಟುವಷ್ಟರಲ್ಲಿ ನಾನು ಹತ್ತು ತಲೆಗಳನ್ನು ಉದ್ಧರಿಸಿ ಹನ್ನೊಂದನೆಯದಕ್ಕೆ ಮೂತಿ ತಿರುಗಿಸಿರುತ್ತೇನೆ. ಹಂಡೆಯೂ ಒಲೆಯೂ ಕಟ್ಟಿಗೆಯೂ ತಂಬಿಗೆಯೂ ನನ್ನ ದೃಷ್ಟಿಯಲ್ಲಿ ಪುರಾತನ ವಸ್ತುಗಳು.

ಸಂದರ್ಶಕ: ತಮ್ಮ ವಂಶ ಯಾವುದು?

ಒಣ ಶಾಂಪೂ: ರಾಜಮಾನ್ಯವಾದುದು. ಹದಿನೆಂಟನೆಯ ಶತಮಾನದ ಐರೋಪ್ಯ ಪ್ರಭುಗಳು ತಮ್ಮ ಕೂದಲಿಗೂ ಕೃತಕ ಕೇಶಕ್ಕೂ ಉದುರಿಸಿಕೊಳ್ಳುತ್ತಿದ್ದ ಪಿಷ್ಟದ ಪುಡಿಯೇ ನಮ್ಮ ಮೂಲಪುರುಷ. ಇಂಗ್ಲೆಂಡಿನ ಪ್ರಧಾನಿ ಪಿಟ್ಟನು 1795ರಲ್ಲಿ ಆತನ ಮೇಲೆ ತಲೆಗೆ ವರ್ಷಕ್ಕೆ ಒಂದು ಗಿನಿಯಂತೆ ತೆರಿಗೆಯನ್ನೇ ವಿಧಿಸಿದನು. 1869ರವರೆಗೂ ಆ ಕಾಯಿದೆ ಜೀವಂತವಾಗಿತ್ತು. ತೆರಿಗೆಗೆ ಪಾತ್ರವಾಗುವಷ್ಟು ಪ್ರತಿಷ್ಠೆ ಎಷ್ಟು ಪುಡಿಗಳಿಗೆ ಲಭಿಸಿದೆ, ಹೇಳಿ!

ಸಂದರ್ಶಕ: ಆ ವರ್ಷವೇ ಅಲ್ಲಿ ಗೋಧಿಯ ಅಭಾವವುಂಟಾಗಿ ಬಡವರು ರೊಟ್ಟಿಗಾಗಿ ದಂಗೆಯೆದ್ದಿದ್ದರಲ್ಲವೆ?

ಒಣ ಶಾಂಪೂ: ಎದ್ದಿದ್ದರಂತೆ. ಆದರೆ ಅವರ ಕೂದಲು ಹೇಗಿತ್ತೆಂಬುದನ್ನು ಯಾರೂ ಬರೆದಿಟ್ಟಿಲ್ಲ.

ಸೀಗೆಪುಡಿ: ತಿನ್ನೋ ಹಿಟ್ಟು ತಲಿಗೆ ಸುರಕೊಂಡಾರಂತ! ಈ ಮನಿ ಆಯಿ ಕೇಳಿದ್ರ ಲಟ್ಟಣಿಗಿ ಹಿಡಕೊಂಡು ಬರತಾಳ ನೋಡು.

ಸಂದರ್ಶಕ: ಮುಖ್ಯ ವಿಷಯಕ್ಕೆ ಬರೋಣ. ತಾವು ತಲೆಯ ಜಿಡ್ಡನ್ನು ತೆಗೆಯುವಿರೆಂದು ಪ್ರಖ್ಯಾತಿ. ತೆಗೆದ ಜಿಡ್ಡು ಎಲ್ಲಿಗೆ ಹೋಗುತ್ತದೆ?

ಒಣ ಶಾಂಪೂ: (ಕ್ಷಣಕಾಲ ಮೌನವಾಗಿದ್ದು) ಪ್ರಶ್ನೆ ಸ್ವಲ್ಪ ಗ್ರಾಮ್ಯವಾಯಿತು. ನೆತ್ತಿಯ ಚರ್ಮದೊಳಗಿನ ಗ್ರಂಥಿಗಳು ಸ್ರವಿಸುವ ಸ್ನೇಹದ್ರವ್ಯವನ್ನು ನನ್ನೊಳಗಿನ ಅಕ್ಕಿಯ ಪಿಷ್ಟದ ಕಣಗಳು ಹೀರಿಕೊಳ್ಳುತ್ತವೆ. ಜೊತೆಗಿರುವ ಮದ್ಯಸಾರ ಆವಿಯಾಗಿ ಹೋಗುತ್ತದೆ. ಕೂದಲು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಇದೇ ನನ್ನ ಪವಾಡ.

ಸಂದರ್ಶಕ: ಹೀರಿಕೊಂಡ ಕಣಗಳು?

ಒಣ ಶಾಂಪೂ: ತಲೆಯ ಮೇಲೆಯೇ ಇರುತ್ತವೆ.

ಸಂದರ್ಶಕ: ಬೆವರು, ಧೂಳು, ಹೊಟ್ಟು?

ಒಣ ಶಾಂಪೂ: ಅವರೂ ಅಲ್ಲಿಯೇ ಇರುತ್ತಾರೆ. ನಾನು ಯಾರನ್ನೂ ಒಕ್ಕಲೆಬ್ಬಿಸುವವನಲ್ಲ.

ಸೀಗೆಪುಡಿ: ಕೇಳಿದ್ರ್ಯಾ? ಕಸಾ ಹೊಡೀದ ಕಸದ ಮ್ಯಾಲೆ ಚಾಪಿ ಹಾಸೋ ಪೈಕಿ ಇಂವಾ. ನನ್ನೊಳಗ ನೊರಿ ಬರೋ ಸಾರ ಐತಿ. ಅದರ ಒಂದು ಕೈ ಎಣ್ಣಿ ಹಿಡೀತದ, ಇನ್ನೊಂದು ಕೈ ನೀರು ಹಿಡೀತದ. ನೀರು ಹರಿದು ಹೋಗೂಮುಂದ ಜಿಡ್ಡನ್ನೂ ಜಗ್ಗಿಕೊಂಡು ಹೋಗತದ. ನೀರ ಇಲ್ಲದ ತೊಳಿಯೂದು ಅಂದ್ರ ಹ್ಯಾಂಗ, ತಮ್ಮಾ?

ಒಣ ಶಾಂಪೂ: ಈ ವೃದ್ಧರು ಎರಡು ಕೊಡ ನೀರು ಬೇಡುತ್ತಾರೆ, ಕಣ್ಣಿಗೆ ಬಿದ್ದರೆ ಉರಿಯನ್ನೂ ಉಚಿತವಾಗಿ ಕೊಡುತ್ತಾರೆ. ಅದನ್ನೂ ಬರೆದುಕೊಳ್ಳಿ.

ಸಂದರ್ಶಕ: ಬರೆದುಕೊಂಡೆ. ಇನ್ನು ತಮ್ಮ ಹೊಟ್ಟೆಯೊಳಗಿನ ಪಾಲುಗಾರಿಕೆಯ ವಿಚಾರ. ತಮ್ಮ ಬೆನ್ನ ಮೇಲಿನ ಸೂಕ್ಷ್ಮಾಕ್ಷರಗಳಲ್ಲಿ ಬ್ಯುಟೇನು, ಐಸೊಬ್ಯುಟೇನು, ಪ್ರೊಪೇನುಗಳು ಮೊದಲ ಪಂಕ್ತಿಯಲ್ಲಿ ಕುಳಿತಿವೆ. ಅಕ್ಕಿಯ ಪಿಷ್ಟದ ಹೆಸರು ಆಮೇಲೆ ಬರುತ್ತದೆ. ಹೆಚ್ಚಿರುವುದನ್ನು ಮೊದಲು ಬರೆಯುವುದು ಇಂತಹ ಪಟ್ಟಿಗಳ ಪದ್ಧತಿಯಷ್ಟೆ?

ಒಣ ಶಾಂಪೂ: ಅನಿಲವಿಲ್ಲದಿದ್ದರೆ ಪಿಷ್ಟವನ್ನು ಹೊರದೂಡುವವರಾರು?

ಸಂದರ್ಶಕ: 1905ರಷ್ಟು ಹಿಂದೆಯೇ ಕಣಗಿನಹಾಳದ ರೈತರು ಸಹಕಾರ ಸಂಘವನ್ನು ಕಟ್ಟಿ ಪಾಲುಗಾರಿಕೆಯ ನ್ಯಾಯವನ್ನು ನಾಡಿಗೆ ತೋರಿಸಿದ ತಾಲೂಕು ಇದು. ಇಲ್ಲಿ ನಿಂತು, ದುಡಿಯುವ ಸದಸ್ಯನಿಗೆ ಕಿರಿದು ಪಾಲು, ಹೊರಗೆ ಬಂದೊಡನೆ ಗಾಳಿಯಲ್ಲಿ ಮಾಯವಾಗುವ ಸದಸ್ಯರಿಗೆ ಹಿರಿದು ಪಾಲು ಎಂಬ ವ್ಯವಸ್ಥೆಯನ್ನು ಸಮರ್ಥಿಸಿಕೊಳ್ಳುವುದು ತಮಗೆ ಕಷ್ಟವಾಗದೆ?

ಒಣ ಶಾಂಪೂ: ಬೆಂಗಳೂರಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಸಂದರ್ಶಕ: ಅದೇ ಅನಿಲಗಳು ಅಡುಗೆಮನೆಯ ಸಿಲಿಂಡರಿನಲ್ಲಿಯೂ ಇರುವುವು. ತಾವೀಗ ನಿಂತಿರುವ ಗೂಡಿನ ಕೆಳಗೆ ಹಂಡೆಯ ಒಲೆ ಇದೆ.

ಒಣ ಶಾಂಪೂ: (ಗಾಬರಿಯಿಂದ) ಒಲೆಯೆ! 50 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿಗೆ ನನ್ನನ್ನು ಒಡ್ಡಕೂಡದು, ಉರಿಯ ಹತ್ತಿರ ಒತ್ತಕೂಡದು, ಬರಿದಾದ ಮೇಲೂ ಸುಡಕೂಡದು. ದಯವಿಟ್ಟು ನನ್ನನ್ನು ಪಡಸಾಲೆಯ ಕಪಾಟಿಗೆ ಸಾಗಿಸಿ.

(ಸಾಗಿಸಲಾಯಿತು. ಸೀಗೆಪುಡಿಯವರು ತಾವೂ ಬರುವುದಾಗಿ ಹಟ ಹಿಡಿದುದರಿಂದ ಅವರನ್ನೂ ಕರೆದೊಯ್ಯಲಾಯಿತು.)

ಸಂದರ್ಶಕ: 2022ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಯೂನಿಲಿವರ್ ಸಂಸ್ಥೆಯು ತಮ್ಮ ಜ್ಞಾತಿಗಳಾದ ಹಲವು ಡಬ್ಬಿಗಳನ್ನು ಅಂಗಡಿಗಳಿಂದ ಹಿಂದಕ್ಕೆ ಕರೆಸಿಕೊಂಡಿತು. ಕಾರಣವನ್ನು ತಿಳಿಸುವಿರಾ?

ಒಣ ಶಾಂಪೂ: ಬೆಂಜೀನ್ ಎಂಬ, ಅರ್ಬುದಕಾರಕವೆಂದು ಕುಖ್ಯಾತವಾದ ದ್ರವ್ಯದ ಅಂಶ ಅವುಗಳಲ್ಲಿ ಇರುವ ಸಂಭವ ಕಂಡುಬಂದಿತು. ಅದು ಬಂದದ್ದು ಅನಿಲದ ದಾರಿಯಿಂದ, ಪಿಷ್ಟವು ನಿರಪರಾಧಿ. ಅನಿಲದ ಸಹವಾಸವೇ ಬೇಡವೆನ್ನುವವರಿಗೆ ನಮ್ಮಲ್ಲಿ ಬರಿಯ ಪುಡಿಯ ಶಾಖೆಯೂ ಉಂಟು. ಅವರು ಬಡವರು, ಸದ್ದು ಮಾಡುವುದಿಲ್ಲ, ಆದುದರಿಂದ ಅವರಿಗೆ ಜಾಹೀರಾತಿಲ್ಲ.

ಸಂದರ್ಶಕ: ನಿನ್ನೆ ಈ ಮನೆಯ ಮಗಳ ತಲೆಯ ಮೇಲೆ ತಾವು ನಡೆಸಿದ ಪ್ರಯೋಗ ವಿಫಲವಾಯಿತೆಂದು ಕೇಳಿದೆ.

ಒಣ ಶಾಂಪೂ: ಅದು ನನ್ನ ದೋಷವಲ್ಲ. ತಲೆಯ ಎಣ್ಣೆಯಲ್ಲಿ ಎರಡು ಜಾತಿ: ಒಳಗಿಂದ ಒಸರುವುದೊಂದು, ಮೇಲಿಂದ ಹೊಯ್ಯುವುದೊಂದು. ನನಗೆ ವಿದ್ಯಾಭ್ಯಾಸವಾದದ್ದು ಮೊದಲನೆಯದರಲ್ಲಿ ಮಾತ್ರ. ಈ ಮನೆಯ ಆಯಿಯು ಹಿಂದಿನ ರಾತ್ರಿ ಮೊಮ್ಮಗಳನ್ನು ಮುಂದೆ ಕುಳ್ಳಿರಿಸಿಕೊಂಡು, ಅಂಗೈಯಗುಣಿ ತುಂಬ ಕೊಬ್ಬರಿ ಎಣ್ಣೆಯನ್ನು ನೆತ್ತಿಗೆ ತಟ್ಟಿ, ಅದು ಕಿವಿಯ ಹಿಂದೆ ಇಳಿಯುವವರೆಗೆ ತಿಕ್ಕಿದ್ದಳು. ಬೆಳಗಾದ ಮೇಲೆ ನನ್ನನ್ನು ಒತ್ತಿದರೆ ಏನಾದೀತು? ಹಿಟ್ಟೂ ಎಣ್ಣೆಯೂ ಕಲೆತು ಬೈತಲೆಯುದ್ದಕ್ಕೂ ಕಣಕವಾಯಿತು. ಹಣಿಗೆಯ ಹಲ್ಲುಗಳ ಸಂದಿನಲ್ಲಿ ಅದು ಸಿಕ್ಕಿಕೊಂಡಿತು. ಕರಿಯ ಕೂದಲ ಮೇಲೆ ಉಳಿದ ಬಿಳಿಯ ಪುಡಿಯನ್ನು ಹೊತ್ತು ಆ ಹುಡುಗಿ, ಜೋಳ ಬೀಸುವ ಗಿರಣಿಯೊಳಗಿಂದ ಎದ್ದು ಬಂದವಳಂತೆ ಬಸ್ಸು ಹತ್ತಲು ಹೊರಟಳು.

ಸೀಗೆಪುಡಿ: ಅಲ್ಲೇ ಕರದ್ಲು ನೋಡ್ರಿ ನನ್ನ!

ಸಂದರ್ಶಕ: ಹಿತ್ತಿಲಿನ ಕೋಳಿಯೂ ತಮ್ಮ ವಿದ್ಯೆಯನ್ನೇ ಬಲ್ಲುದೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಒಣಮಣ್ಣಿನಲ್ಲಿ ಹೊರಳಿ, ಗರಿಗಳ ಮೇಲಿನ ಹೆಚ್ಚಿನ ಜಿಡ್ಡನ್ನು ಧೂಳಿಗೆ ಹೀರಿಸಿ, ಹೇನುಗಳನ್ನೂ ನಿವಾರಿಸಿಕೊಳ್ಳುತ್ತದಂತೆ.

ಒಣ ಶಾಂಪೂ: ಬಲ್ಲೆ. ಆದರೆ ಅದು ಎದ್ದು ಮೈ ಕೊಡವುತ್ತದೆ. ಮನುಷ್ಯರು ನನ್ನನ್ನು ಹಾಕಿಕೊಂಡು ಕೊಡವದೆಯೇ ಕಚೇರಿಗೆ ಹೋಗುತ್ತಾರೆ. ಮರುದಿನ ಅದರ ಮೇಲೆಯೇ ಇನ್ನೊಂದು ಪದರ, ಮೂರನೆಯ ದಿನ ಮತ್ತೊಂದು. ಕೊನೆಗೆ ನೆತ್ತಿ ತುರಿಸಿದಾಗ ನನ್ನನ್ನು ಬಯ್ಯುತ್ತಾರೆ. ಕೋಳಿಗಿರುವ ವಿವೇಕವನ್ನು ನಾನು ಡಬ್ಬಿಯಲ್ಲಿ ತುಂಬಿ ಕೊಡಲಾರೆ.

ಸಂದರ್ಶಕ: ಈ ಗದುಗಿನಲ್ಲಿಯೇ ಕುಮಾರವ್ಯಾಸನು ಕೋನೇರಿಯಲ್ಲಿ ಮಿಂದು, ವೀರನಾರಾಯಣನ ಸನ್ನಿಧಿಯ ಕಂಬದ ಬಳಿ ಕುಳಿತು, ಉಟ್ಟ ಒದ್ದೆಬಟ್ಟೆ ಆರುವವರೆಗೆ ಮಾತ್ರ ಭಾರತವನ್ನು ರಚಿಸುತ್ತಿದ್ದನೆಂಬ ಐತಿಹ್ಯವಿದೆ. ಆ ಕಾಲದಲ್ಲಿ ತಾವಿದ್ದಿದ್ದರೆ?

ಒಣ ಶಾಂಪೂ: ಸಮಯ ಎಷ್ಟೋ ಉಳಿಯುತ್ತಿತ್ತು.

ಸಂದರ್ಶಕ: ಸಮಯ ಉಳಿಯುತ್ತಿತ್ತು, ಹತ್ತು ಪರ್ವಗಳು ಉಳಿಯುತ್ತಿರಲಿಲ್ಲ. ಒಂದು ಕೊನೆಯ ಪ್ರಶ್ನೆ. ಜಲಕ್ಷಾಮವಿರುವ ಹಳ್ಳಿಗಳಲ್ಲಿ ತಮ್ಮ ವ್ಯಾಪಾರ ಹೇಗಿದೆ? ಅಲ್ಲಿ ತಮ್ಮ ಆವಶ್ಯಕತೆ ಅತ್ಯಧಿಕವಾಗಿರಬೇಕಲ್ಲವೆ?

ಒಣ ಶಾಂಪೂ: (ಧ್ವನಿ ತಗ್ಗಿಸಿ) ಸತ್ಯವನ್ನು ಹೇಳಿಬಿಡುತ್ತೇನೆ. ಕೊಡ ಹೊತ್ತು ನಲ್ಲಿಯ ಮುಂದೆ ಸರದಿಯಲ್ಲಿ ನಿಲ್ಲುವವರು ನನ್ನನ್ನು ಕೊಳ್ಳುವುದಿಲ್ಲ. ಅವರಿಗೆ ನಾನು ನೂರಾರು ರೂಪಾಯಿಯ ವಸ್ತು. ನನ್ನನ್ನು ಕೊಳ್ಳುವವರ ಮನೆಯಲ್ಲಿ ಗೀಸರು ಇದೆ, ಶವರು ಇದೆ, ತಿರುಗಿಸಿದರೆ ಬಿಸಿನೀರು ಇದೆ. ಇಲ್ಲದಿರುವುದು ತಲೆಯನ್ನು ಎರೆದುಕೊಂಡು ಆರಿಸಿಕೊಳ್ಳುವಷ್ಟು ಹೊತ್ತು. ನೀರಿನ ಉಳಿತಾಯವೆಂಬುದು ನನ್ನ ಮೈಮೇಲಿನ ಬರಹ. ನಾನು ಮಾರುವುದು ಒಂದು ದಿನದ ವಾಯಿದೆಯನ್ನು.

ಸಂದರ್ಶಕ: ಹಾಗಾದರೆ ಜಿಡ್ಡುತಲೆಯವರಿಗೆ ತಮ್ಮ ಹಿತವಚನ?

ಒಣ ಶಾಂಪೂ: ಎಣ್ಣೆ ಹಚ್ಚಿದ ತಲೆಗೆ ನನ್ನನ್ನು ಕರೆಯಬೇಡಿ. ಕೂದಲನ್ನು ಸೀಳಿ ಸೀಳಿ, ಒಂದು ಗೇಣು ದೂರದಿಂದ, ಬುಡಕ್ಕೆ ಮಾತ್ರ, ಕೃಪಣತೆಯಿಂದ ಸಿಂಪಡಿಸಿ; ಕೆಲವು ನಿಮಿಷ ಸುಮ್ಮನಿರಿ; ಆಮೇಲೆ ಬೆರಳಾಡಿಸಿ, ಕೋಳಿಯನ್ನು ಸ್ಮರಿಸುತ್ತ ಚೆನ್ನಾಗಿ ಬಾಚಿ ಕೊಡವಿ. ಜಿಡ್ಡು ಪೂರ್ತಿ ಏರಿದ ಮೇಲೆ ಹಾಕುವುದಕ್ಕಿಂತ ಹಿಂದಿನ ರಾತ್ರಿಯೇ ಹಾಕಿದರೆ ನನ್ನ ಕೆಲಸ ಹಗುರ. ಕಪ್ಪು ಕೂದಲಿನವರು ಬಣ್ಣ ಬೆರೆತ ಪುಡಿಯನ್ನು ಆರಿಸಿಕೊಳ್ಳಿ. ನೆತ್ತಿಯಲ್ಲಿ ಹುಣ್ಣು, ತುರಿಕೆ, ಹೊಟ್ಟು ಇದ್ದವರು ನನ್ನಿಂದ ದೂರವಿದ್ದು ವೈದ್ಯರಿಗೆ ಹತ್ತಿರವಾಗಿ. ಎರಡು ದಿನ ಸಾಲಾಗಿ ನನ್ನನ್ನು ನಂಬಿದವರು ಮೂರನೆಯ ದಿನ ಈ ವೃದ್ಧರ ಬಳಿಗೆ ಹೋಗಲೇಬೇಕು.

ಸೀಗೆಪುಡಿ: ಈಗ ಖರೆ ಮಾತಾಡಿದಿ ನೋಡ, ತಮ್ಮಾ.

ಉಭಯಪಕ್ಷಗಳ ವಾದವನ್ನು ಆಲಿಸಿದ ಮೇಲೆ ಸಂದರ್ಶಕನು ಕೊಡಬಹುದಾದ ತೀರ್ಪು ಇಷ್ಟೆ: ಪ್ರಯಾಣದಲ್ಲಿರುವವರಿಗೆ, ತಲೆಗೆ ನೀರು ಸೋಕಿಸಲಾಗದ ರೋಗಿಗಳಿಗೆ, ನಲ್ಲಿ ಕೈಕೊಟ್ಟ ದಿನ ಪರೀಕ್ಷೆಗೆ ಹೋಗಬೇಕಾದ ಹುಡುಗಿಯರಿಗೆ ಈ ಡಬ್ಬಿಯ ಸೇವೆ ಗಣನೀಯವಾದುದೇ ಸರಿ. ಆದರೆ ಜಿಡ್ಡನ್ನು ಮರೆಮಾಡುವುದು ಬೇರೆ, ಕಳೆಯುವುದು ಬೇರೆ. ಕಳೆಯುವುದಕ್ಕೆ ನೀರೇ ಬೇಕು. ಆದುದರಿಂದ ಡಬ್ಬಿಯನ್ನು ಕೊಳ್ಳುವವರು ಕೊಳ್ಳಲಿ. ಕೊಂಡವರು ನಲ್ಲಿಯ ನೀರಿಗಾಗಿ ಅರ್ಜಿ ಬರೆಯುವುದನ್ನು ಮಾತ್ರ ನಿಲ್ಲಿಸದಿರಲಿ.