ಎರಡೇ ಪುಸ್ ಸಾಕು ಮಾರಾಯ್ರೆ!

ನಿಜ ಹೇಳಿ, ಬೆಳಿಗ್ಗೆ ಎಷ್ಟು ಸಲ ಒತ್ತಿದ್ರಿ? ಕುತ್ತಿಗೆಗೊಂದು, ಕೈಗೊಂದು, ಎರಡೇ ಅಂತೀರಿ. ಅಂಗಿಗೆ ಹೊಡೆದ ಮೂರು? ಚಪ್ಪಲಿ ಹಾಕಿದ ಮೇಲೆ ನೆನಪಾಗಿ ವಾಪಸ್ ಬಂದು ಹೊಡೆದ ಇನ್ನೊಂದು? ಅದನ್ನೆಲ್ಲ ಯಾರು ಲೆಕ್ಕ ಇಡ್ತಾರೆ! (ಲಿಫ್ಟಿನಲ್ಲಿ ಪಕ್ಕ ನಿಂತವರು ಇಡ್ತಾರೆ.)

ಕೇಳಿದ್ರೆ "ನಂಗೆಂತ ಸೆಂಟಿನ ಶೋಕಿ ಇಲ್ಲ, ಯಾರೋ ಗಿಫ್ಟ್ ಕೊಟ್ಟದ್ದು" ಅಂತೀರಿ. ಮಲ್ಲಿಗೆ, ಗುಲಾಬಿ ಅಂದ್ರೆ ಮೂಗು ಮುರೀತೀರಿ. ಅದೇ ಡಬ್ಬಿ ಮೇಲೆ 'ವುಡಿ' ಅಂತ ಬರೆದಿರಲಿ, ಎದೆ ಒಂದಿಂಚು ಮುಂದೆ ಬರ್ತದೆ! ಮರ ಗಂಡಸರದ್ದು, ಹೂವು ಹೆಂಗಸರದ್ದು ಅಂತ ನಿಮಗೆ ಹೇಳಿಕೊಟ್ಟದ್ದು ಯಾರು? ಅಜ್ಜ ದೇವರ ಪ್ರಸಾದದ ಹೂವನ್ನು ಕಿವಿಗೆ ಸಿಕ್ಕಿಸಿಕೊಂಡೇ ಪೇಟೆಗೆ ಹೋಗ್ತಿದ್ರಲ್ಲ, ಅವರ ಮೀಸೆ ಉದುರಿತ್ತಾ?

ಇನ್ನು ಕೊಂಡ ದಿನದ ಕತೆ. ಮಾಲ್‌ನಲ್ಲಿ ಆ ಹುಡುಗಿ ಕಾಗದದ ಪಟ್ಟಿಗೆ ಹೊಡೆದು ಕೊಟ್ಟಳು. ನೀವು ಮೂಗಿಗೆ ಹಿಡಿದು, ಎಲ್ಲ ತಿಳಿದವರ ಹಾಗೆ ಕಣ್ಣು ಮುಚ್ಚಿದ್ರಿ. ಆಗ ಬಂದದ್ದು ನಿಂಬೆ, ಕಿತ್ತಳೆ. ಅವು ಹಗುರ ಅಣುಗಳು, ಹದಿನೈದಿಪ್ಪತ್ತು ನಿಮಿಷಕ್ಕೆಲ್ಲ ಹಾರಿಹೋಗ್ತವೆ. ಹಿಂದೆ ಏಲಕ್ಕಿಯೋ ಕಾಳುಮೆಣಸೋ ಬಂದು ಹೋದ ಮೇಲೆ, ಭಾರದ ಮರ ಮೈಕಾವಿಗೆ ಮೆಲ್ಲಗೆ ಏಳ್ತದೆ, ಸಂಜೆವರೆಗೂ ಕೂತಿರ್ತದೆ. ನೀವು ಹೆಣ್ಣು ನೋಡಿದ್ದು ನಿಂಬೆಯನ್ನು, ತಾಳಿ ಕಟ್ಟಿದ್ದು ಮರಕ್ಕೆ!

ಬೇಜಾರು ಬೇಡ, ಸಂಬಂಧ ಒಳ್ಳೆಯದೇ. ಡಬ್ಬಿಯ ಹಿಂದೆ ಓದಿ: ಸ್ಯಾಂಡಲ್‌ವುಡ್, ಸೀಡರ್, ವೆಟಿವರ್. ಹೆಸರು ಕೇಳಿದ್ರೆ ಪ್ಯಾರಿಸ್ಸಿನ ಅಳಿಯಂದಿರ ಹಾಗೆ ಉಂಟು. ಕನ್ನಡದಲ್ಲಿ ಕರೆದು ನೋಡಿ: ಶ್ರೀಗಂಧ, ದೇವದಾರುವಿನ ಬಳಗ, ಲಾವಂಚ. ಒಂದು ದೇವರ ಕೋಣೆಯ ಸಾಣೆಕಲ್ಲಿನ ಮೇಲೆ, ಇನ್ನೊಂದು ಬೇಸಿಗೆಯಲ್ಲಿ ಕುಡಿಯುವ ನೀರಿನ ಹೂಜಿಯೊಳಗೆ!

ನನಗೇ ಆದದ್ದು ಹೇಳ್ತೇನೆ. (ಹೊರಗೆ ಹೇಳಬೇಡಿ.) ಸಾವಿರಗಟ್ಟಲೆ ಸುರಿದು ತಂದ ಬಾಟಲಿ, ಹೆಸರಲ್ಲೇ ಫ್ರೆಂಚ್ ಉಂಟು. ಹೊಡೆದುಕೊಂಡು ಗತ್ತಿನಲ್ಲಿ ಅಡುಗೆಮನೆಗೆ ಹೋದೆ. ಅಮ್ಮ ದೋಸೆ ಮಗುಚುತ್ತಾ ಮೂಸಿ, "ಅಬ್ಬ, ಇವತ್ತು ಪೂಜೆ ನೀನೇ ಮಾಡಿದ್ಯಾ?" ಅಂದ್ರು. ಖುಷಿಯಿಂದ ಒಂದು ದೋಸೆ ಜಾಸ್ತಿ ಹಾಕಿದ್ರು. ನಾನೂ ತಿದ್ದಲಿಕ್ಕೆ ಹೋಗಲಿಲ್ಲ.

ಈ ವಾಸನೆಯ ದೊಡ್ಡಸ್ತಿಕೆ ನಮಗೆ ಹೊಸತಲ್ಲ. ಮೊದಲನೇ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಬೇಕಿದ್ದ ಗಂಧದ ಕೊರಡು ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. 1916ರ ಹೊತ್ತಿಗೆ ಇಲ್ಲೇ ಎಣ್ಣೆ ತೆಗೆಯುವ ಏರ್ಪಾಡಾಯ್ತು, ಆ ಎಣ್ಣೆಯಿಂದಲೇ ಮೈಸೂರ್ ಸ್ಯಾಂಡಲ್ ಸೋಪು ಹುಟ್ಟಿತು. ನೀವು "ಅದು ಅಪ್ಪನ ಸೋಪು" ಅಂತ ಬಚ್ಚಲ ಮೂಲೆಗೆ ತಳ್ಳಿದ್ದೀರಲ್ಲ, ಅದೇ. ಗಂಧ ದುಬಾರಿಯಾದ ಮೇಲೆ ಬಾಟಲಿಯವರು ಬಹುಪಾಲು ಲ್ಯಾಬಿನ ಗಂಧಕ್ಕೇ ಶರಣು. ಜಾವನಾಲ್ ಅಂತ ಒಂದುಂಟು, ಗಂಧದ ಮರದ ಮುಖ ಕಂಡದ್ದೇ ಅಲ್ಲ.

ಅಂದ ಹಾಗೆ, ಶ್ರೀಗಂಧದ ಮರ ಎಂಥ ಆಸಾಮಿ ಗೊತ್ತುಂಟಾ? ಅರ್ಧ ಪರಾವಲಂಬಿ! ಪಕ್ಕದ ಗಿಡದ ಬೇರಿಗೆ ತನ್ನ ಬೇರು ಊರಿ ಸದ್ದಿಲ್ಲದೆ ಹೀರ್ತದೆ. ಹೊರಗಿನ ಬಿಳಿ ಮರಕ್ಕೆ ಘಮ ಇಲ್ಲ. ವರ್ಷಗಟ್ಟಲೆ ಕಾದು ಒಳಗೆ ಚೇಗು ಕಟ್ಟಿದ ಮೇಲೆಯೇ ಎಣ್ಣೆ. ಭಾವನ ಬಾಟಲಿಯಿಂದ ಭಾವ ಸ್ನಾನಕ್ಕೆ ಹೋದಾಗ ಹೊಡೆದುಕೊಳ್ಳುವವರು ಯಾರು ಅಂತ ನಾನು ಕೇಳಲಿಲ್ಲ. (ನೀವ್ಯಾಕೆ ಆಚೆ ನೋಡ್ತೀರಿ?)

ಆದ್ರೆ ಲಿಫ್ಟಿನ ವಿಷಯ ಬಿಡೋದಿಲ್ಲ. ಸ್ವಲ್ಪ ಹೊತ್ತಿಗೇ ನಿಮ್ಮ ಮೂಗು ನಿಮ್ಮ ವಾಸನೆಗೆ ಒಗ್ಗಿಹೋಗ್ತದೆ, ಆಮೇಲೆ ನಿಮಗೆ ಗೊತ್ತೇ ಆಗೋದಿಲ್ಲ. "ಛೆ, ಡೂಪ್ಲಿಕೇಟ್ ಮಾಲು, ನಿಲ್ಲೋದೇ ಇಲ್ಲ" ಅಂತ ಬೈದು ಇನ್ನೆರಡು ಪುಸ್! ಪಾಪ, ಅದು ಅಲ್ಲೇ ಉಂಟು. ಪಕ್ಕದ ಸೀಟಿನವರ ಕಣ್ಣಲ್ಲಿ ನೀರು ಬರಿಸ್ತಾ ಉಂಟು. ಸಗಣಿಯವನ ಸರಸಕ್ಕಿಂತ ಗಂಧದವನ ಗುದ್ದಾಟ ಲೇಸು ಅಂದ ಹಿರಿಯರು ಎಸಿ ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತವರಲ್ಲ.

ಮರದ ಘಮ ಕೂಗಿ ಕರೆಯೋದಲ್ಲ ಮಾರಾಯ್ರೆ, ಹತ್ತಿರ ಬಂದವರಿಗೆ ಪಿಸುಗುಡೋದು. ಹತ್ತಿರ ಬರುವವರು ಇದ್ದಾರಾ ಅನ್ನೋದು ಬೇರೆ ಮಾತು. (ಅದಕ್ಕೆ ಬಾಟಲಿ ಜವಾಬ್ದಾರಿ ಅಲ್ಲ.)

ಕೊನೆಗೊಂದು. ನಿಮ್ಮ ಕಪಾಟಿನಲ್ಲಿ ಇಸ್ತ್ರಿ ಅಂಗಿಗಳ ನಡುವೆ ಒಂದು ಖಾಲಿ ಬಾಟಲಿ ಉಂಟಲ್ಲ? ಮುಗಿದು ವರ್ಷವಾಯ್ತು, ಎಸೆಯಲಿಕ್ಕೆ ಮನಸ್ಸಿಲ್ಲ, ಆಗಾಗ ಮುಚ್ಚಳ ತೆಗೆದು ಮೂಸ್ತೀರಿ. ನಾಚಿಕೆ ಎಂತಕ್ಕೆ? ಅಜ್ಜಿ ರೇಷ್ಮೆ ಸೀರೆಯ ಮಡಿಕೆಯಲ್ಲಿ ಗಂಧದ ಚಕ್ಕೆ ಇಡ್ತಿದ್ರು. ನನ್ನ ಕಪಾಟಿನಲ್ಲಿ ಮೂರು ಬಾಟಲಿ ಉಂಟು.