ಒಂದು ಟಿಬಿಯ ಅಳತೆ

ಕಂಪ್ಯೂಟರ್ ಬಿಚ್ಚುವ ಕೆಲಸವನ್ನು ಒಬ್ಬರೇ ಶಾಂತವಾಗಿ ಕೂತು ಮಾಡಬೇಕು ಅನ್ನುತ್ತಾರೆ ತಿಳಿದವರು. ಅವರು ಬೆಳಗಾವಿಯ ಶಹಾಪುರದಲ್ಲಿ ಮನೆ ಮಾಡಿದವರಲ್ಲ. ಇಲ್ಲಿ ನಮ್ಮ ಸ್ಕ್ರೂಡ್ರೈವರ್ ತಿರುಗಿದ್ದು ಎದುರು ಮನೆಗೆ ಕೇಳಿಸುತ್ತದೆ.

ಎದುರು ಮನೆಯಲ್ಲಿ ಪವರ್‌ಲೂಮ್ ಕಾಕಾ. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ಕಾಕಾ ಹೊರಬೀಳುತ್ತಾರೆ. ಹಾರ್ಡ್‌ಡಿಸ್ಕ್ ಜೋಡಿಸಲು ಕರೆಂಟಿಲ್ಲದ ಹೊತ್ತೇ ಕ್ಷೇಮವೆಂದು ನಾನೂ ಅದೇ ಮುಹೂರ್ತ ಹಿಡಿದಿದ್ದೆ.

ಮೈಯಲ್ಲಿನ ಸ್ಥಾಯಿ ವಿದ್ಯುತ್ತು ಇಳಿಯಲೆಂದು ಕ್ಯಾಬಿನೆಟ್ಟಿನ ಲೋಹ ಮುಟ್ಟಿದೆ. ಕಾಕಾ ಮೆಚ್ಚಿದರು: "ಛಲೋ ಆತು ತಮ್ಮಾ, ಮೊದ್ಲ ನಮಸ್ಕಾರ ಮಾಡಬೇಕು. ನಾವೂ ಮಗ್ಗಕ್ಕ ಮಾಡತೇವಿ."

ಹಿಂದೆ ಡಿಸ್ಕಿಗೆ 40 ಪಿನ್ನಿನ ಅಗಲ ಪಟ್ಟಿ ಇತ್ತು. ಒಂದೇ ಪಟ್ಟಿಗೆ ಎರಡು ಡಿಸ್ಕ್ ಕಟ್ಟಿದರೆ ಯಾವುದು ಯಜಮಾನ, ಯಾವುದು ಆಳು ಎಂದು ಜಂಪರ್ ಚುಚ್ಚಿ ತೀರ್ಮಾನಿಸಬೇಕಿತ್ತು. ಸಾಟಾ ಎಂಬ ಜೋಡಣೆ ಬಂದು ಆ ಪಂಚಾಯ್ತಿಕೆ ಮುಗಿಸಿತು. ಮಾಹಿತಿಗೆ 7 ಪಿನ್ನಿನದೊಂದು ಕೇಬಲ್, ವಿದ್ಯುತ್ತಿಗೆ 15 ಪಿನ್ನಿನದೊಂದು. ಬಾಯಿ ಮೂಲೆಮಡಿಚಿದಂತಿರುವುದರಿಂದ ತಿರುವುಮುರುವು ಕೂರುವುದಿಲ್ಲ. ಹಾಸಿನ ಸಾವಿರಾರು ಎಳೆ ಗಂಟು ಹಾಕಿದ ಕಾಕಾಗೆ ನಿರಾಸೆಯಾಯಿತು: "ಬರೇ ಎರಡs ಎಳಿ? ಇದಕ್ಕ ಇಷ್ಟು ಹೊತ್ತು ಬೇಕೇನು?"

ಮಾನ ಉಳಿಸಿಕೊಳ್ಳಲು ಇತಿಹಾಸ ತೆಗೆದೆ. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ತೂತಿನ ಕಾರ್ಡುಗಳಿಂದ ಮಗ್ಗಕ್ಕೆ ವಿನ್ಯಾಸ ನೆನಪಿಟ್ಟುಕೊಳ್ಳಲು ಕಲಿಸಿದ. ಅಂಥದೇ ತೂತಿನ ಕಾರ್ಡಿನಿಂದ ಹಾಲರಿತ್ 1890ರ ಅಮೆರಿಕದ ಜನಗಣತಿ ಎಣಿಸಿದ. ಅವನ ಕಂಪನಿ ಮುಂದೆ ಐಬಿಎಂನೊಳಗೆ ಸೇರಿತು. ಆ ಐಬಿಎಂ 1956ರಲ್ಲಿ ಮೊದಲ ಹಾರ್ಡ್‌ಡಿಸ್ಕ್ ಮಾಡಿತು: 50 ತಟ್ಟೆ, ಕಪಾಟಿನಷ್ಟು ಗಾತ್ರ, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ.

"ಅಂದ್ರ ಇದು ನಮ್ಮ ಮನಿತನದ ಕೂಸs ಅನ್ನು," ಎಂದ ಕಾಕಾ ಡಿಸ್ಕನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಆದ್ರ ಕಾರ್ಡಿನ್ಯಾಗ ತೂತರ ಕಾಣತಾವು. ಇದರಾಗ ಏನೂ ಕಾಣಂಗಿಲ್ಲಲ್ಲೋ!"

ಕರೆಂಟು ಬಂತು. ಕಂಪ್ಯೂಟರಿಗೂ ಏನೂ ಕಾಣಲಿಲ್ಲ. "ನನಗ ಕಾಣತೈತಿ, ಅದಕ್ಕ್ಯಾಕ ಕಾಣವಲ್ದು?" ಎಂದರು ಕಾಕಾ, ಮಗ್ಗ ಮರೆತು. ಹೊಸ ಡಿಸ್ಕನ್ನು ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಇನಿಶಿಯಲೈಸ್ ಮಾಡಿ, ಫಾರ್ಮ್ಯಾಟ್ ಮಾಡಿದ ಮೇಲಷ್ಟೇ ವಿಂಡೋಸ್ ಅದಕ್ಕೊಂದು ಅಕ್ಷರ ಕೊಟ್ಟು ಒಳಗೆ ಕರೆಯುತ್ತದೆ. ಕರೆಯಿತು. ಪರದೆಯ ಮೇಲೆ 931 ಜಿಬಿ.

"ಡಬ್ಬಿ ಮ್ಯಾಲೆ ಒಂದು ಟಿಬಿ ಐತಿ. ಸಾವಿರದಾಗ 69 ಎಲ್ಲಿ ಹೋತು?"

ತಯಾರಕರು 1000ಕ್ಕೊಂದು ಮೆಟ್ಟಿಲು ಹತ್ತುತ್ತಾರೆ, ವಿಂಡೋಸ್ 1024ಕ್ಕೊಂದು. ಜಾಗ ಕಳೆದಿಲ್ಲ, ಎಣಿಕೆ ಬೇರೆ ಎಂದು ವಿವರಿಸಿದೆ.

"ತಿಳೀತು ಬಿಡು. ಮಾರಾವ್ನ ಗಜ ಸಣ್ಣದು, ಅಳಿಯಾವ್ನ ಗಜ ದೊಡ್ಡದು. ಸೀರಿ ಅಷ್ಟs ಇರತೈತಿ," ಎಂದರು ಕಾಕಾ. ಇಷ್ಟು ಚೆನ್ನಾಗಿ ನಾನು ಹೇಳಿರಲಿಲ್ಲ.

ಆಚೆಯಿಂದ ಕಾಕೂ ಕೂಗಿದಾಗ ಅವರಿಗೆ ಮಗ್ಗದ ನೆನಪಾಯಿತು. ಹೊಸ್ತಿಲು ದಾಟಿ ಮತ್ತೆ ತಿರುಗಿದರು.

"69 ಹೋದ್ರ ಹೋಗ್ಲಿ ತಮ್ಮಾ. ಉಳದ 931ರಾಗ ನಮ್ಮ ಮೊಮ್ಮಗಳ ಮದುವಿ ವಿಡಿಯೋ ಹಿಡೀತೈತೇನು ನೋಡು. ಅರಿಶಿಣದ್ದು ಬ್ಯಾರೆ ಪೆನ್‌ಡ್ರೈವ್ ಐತಿ."