ಶಿವ ಶಿವಾ ಅನ್ನದ ಚಳಿ

ಶಿವರಾತ್ರಿ ಕಳೆದರೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ. ಇದು ನಮ್ಮಜ್ಜಿ ತೀರ್ಥಹಳ್ಳಿಯ ಬಚ್ಚಲೊಲೆಯ ಮುಂದೆ ಕೂತು ಹೇಳಿದ್ದು. ಈ ಮಾತು ಮ್ಯಾಸಚೂಸೆಟ್ಸ್‌ಗೂ ಅನ್ವಯಿಸುತ್ತದೆ ಎಂದು ಆಕೆ ಹೇಳಿರಲಿಲ್ಲ. ಅಷ್ಟನ್ನು ನಾನೇ ಸೇರಿಸಿಕೊಂಡೆ.

2018ರ ಶಿವರಾತ್ರಿ ಫೆಬ್ರುವರಿ 13ಕ್ಕೆ. ಅದಾಗಿ ಎಂಟೇ ದಿನಕ್ಕೆ ಬಾಸ್ಟನ್‌ನಲ್ಲಿ 70 ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ಜನ ಚಡ್ಡಿ ಹಾಕಿಕೊಂಡು ಐಸ್‌ಕ್ರೀಮ್ ನೆಕ್ಕುತ್ತ ಓಡಾಡಿದರು. ನನಗೆ ಅಜ್ಜಿಯ ಮೇಲೆ ಭಕ್ತಿ ಉಕ್ಕಿತು. ಗ್ಯಾರೇಜಿನ ಅರ್ಧ ಜಾಗ ನುಂಗಿ ಕೂತಿದ್ದ, ಹಿಮ ಎತ್ತಿ ತೂರುವ ಯಂತ್ರ ಸ್ನೋಬ್ಲೋವರನ್ನು ಎದುರುಮನೆಯ ಮುದುಕನಿಗೆ ಅರ್ಧ ಬೆಲೆಗೆ ಮಾರಿದೆ. ಆತ ಹುಟ್ಟಿ ಬೆಳೆದದ್ದೆಲ್ಲ ಇದೇ ವೂಸ್ಟರ್ ಕಡೆ. ಚೌಕಾಸಿ ಮಾಡದೆ ದುಡ್ಡು ಎಣಿಸಿ ಕೊಟ್ಟ. ಕೊಳ್ಳುವವನು ಚೌಕಾಸಿ ಮಾಡಲಿಲ್ಲವೆಂದರೆ ಮಾರುವವನು ಎಚ್ಚರವಾಗಬೇಕು. ನಾನು ಥ್ಯಾಂಕ್ಸ್ ಹೇಳಿದೆ.

ಮಾರ್ಚ್ ಮೊದಲ ವಾರದ ಬಿರುಗಾಳಿ ನಮ್ಮ ಕಡೆ ಹೆಚ್ಚಾಗಿ ಮಳೆಯಾಗಿಯೇ ಕಳೆಯಿತು. ಎರಡನೆಯದು ಹಿಮ ಸುರಿಸಿದಾಗ ಕೂಲಿಯವನೊಬ್ಬನಿಗೆ ದುಡ್ಡು ಕೊಟ್ಟು ತಳ್ಳಿಸಿ, ‘ಇದೇ ಕೊನೆಯದು’ ಎಂದು ಹೆಂಡತಿಗೆ ಘೋಷಿಸಿದೆ. 11ನೇ ತಾರೀಕು ಭಾನುವಾರ ಹೆಚ್ಚುಕಡಿಮೆ ಇಡೀ ದೇಶವೇ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡು ಬೇಸಿಗೆಯ ವೇಳೆಗೆ ಬಂತು. ಸರ್ಕಾರವೇ ಅಜ್ಜಿಯ ಪಕ್ಷ ಎಂದುಕೊಂಡೆ. ಮರುದಿನ ಟಿವಿಯಲ್ಲಿ ಮೂರನೆಯದರ ಸುದ್ದಿ ಬಂತು: ಮಂಗಳವಾರ ಬ್ಲಿಝರ್ಡ್!

ಬ್ಲಿಝರ್ಡ್ ಎಂದರೆ ಗಾಳಿ ಗಂಟೆಗೆ 35 ಮೈಲಿಗಿಂತ ಕಡಿಮೆ ಇರಬಾರದು, ಕಾಲು ಮೈಲಿಯಾಚೆ ಏನೂ ಕಾಣಬಾರದು, ಹೀಗೇ ಮೂರು ಗಂಟೆ ನಡೆಯಬೇಕು ಎಂದು ಟಿವಿಯವನು ವಿವರಿಸಿದ. ನನ್ನ ಕಿವಿಗೆ ಬಿದ್ದದ್ದು ‘ಮೂರು ಗಂಟೆ’ ಮಾತ್ರ. ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ ನೋಡಿದವನಿಗೆ ಮೂರು ಗಂಟೆ ಯಾವ ಲೆಕ್ಕ?

ಆದರೂ ಮಲೆನಾಡಿನವನಲ್ಲವೆ, ಸಿದ್ಧತೆ ರಕ್ತದಲ್ಲೇ ಇದೆ. ನಮ್ಮಲ್ಲಿ ಮಳೆಗಾಲಕ್ಕೆ ಸೌದೆ, ಹಪ್ಪಳ, ಸಂಡಿಗೆ ಕೂಡಿಡುವ ಹಾಗೆ ಇಲ್ಲಿಯವರು ಹಿಮವೆಂದರೆ ಹಾಲು, ಮೊಟ್ಟೆ, ಬ್ರೆಡ್ಡಿಗೆ ಮುಗಿಬೀಳುತ್ತಾರೆ. ಎಲ್ಲರೂ ಸೇರಿ ಫ್ರೆಂಚ್ ಟೋಸ್ಟ್ ಮಾಡಿಯೇ ಸಾಯುವುದೆಂದು ತೀರ್ಮಾನಿಸಿದ ಹಾಗೆ. ನಾನು ಹೋಗುವಷ್ಟರಲ್ಲಿ ಮೂರೂ ಖಾಲಿ. ನಗುತ್ತಾ ಇಂಡಿಯನ್ ಅಂಗಡಿಗೆ ಕಾರು ತಿರುಗಿಸಿ 40 ಪೌಂಡ್ ಸೋನಾ ಮಸೂರಿ, ತೊಗರಿಬೇಳೆ, ಬನ್ಸಿ ರವೆ ಹೇರಿಕೊಂಡು ಬಂದೆ. ಜೊತೆಗೆ ಹೆಂಡತಿ ಬರೆದುಕೊಟ್ಟಿದ್ದ ಒಂದು ಪೊಟ್ಟಣ ಅವಲಕ್ಕಿ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಕರೆಂಟು ಹೋಯಿತು. ನಮ್ಮದು ಕರೆಂಟಿನ ಒಲೆ ಎಂಬುದು ನನಗೆ ಹೊಳೆದದ್ದು ಏಳೂ ಐದಕ್ಕೆ. ಅಂಗಳದ ಇದ್ದಿಲು ಒಲೆಯನ್ನು ಗ್ಯಾರೇಜಿನಲ್ಲಿ ಹಚ್ಚೋಣವೆಂದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಬಿರುಗಾಳಿಗಿಂತ ಸದ್ದಿಲ್ಲದೆ ಕೊಲ್ಲುತ್ತದೆ ಎಂದು ಹತ್ತು ವರ್ಷದ ಮಗಳು ಶಾಲೆಯ ಪಾಠ ಒಪ್ಪಿಸಿದಳು. ಎಲ್ಲರೂ ಮಜ್ಜಿಗೆ ಅವಲಕ್ಕಿ ತಿಂದೆವು. ಹೆಂಡತಿ ಏನೂ ಅನ್ನಲಿಲ್ಲ. ಅಕ್ಕಿ ಮೂಟೆಯ ಮೇಲೆ ಕಾಲಿಟ್ಟುಕೊಂಡು ಕೂತಿದ್ದಳು, ಅಷ್ಟೆ.

ಇನ್ನು ಈಶಾನ್ಯದ ವಿಷಯ. ಮನೆ ಕೊಳ್ಳುವಾಗ ಅಪ್ಪ ವಿಡಿಯೋ ಕಾಲಿನಲ್ಲಿ ದಿಕ್ಸೂಚಿ ಹಿಡಿಸಿ, ಬಾಗಿಲು ಈಶಾನ್ಯಕ್ಕೇ ಇರಬೇಕು, ಅದರೆದುರು ಮರ, ಗೋಡೆ ಏನೂ ಅಡ್ಡ ಇರಬಾರದು ಎಂದಿದ್ದರು. ಹುಡುಕಿ ಹುಡುಕಿ ಅಂಥದ್ದನ್ನೇ ಕೊಂಡೆವು. ಈಗ ಈ ಬಿರುಗಾಳಿಯ ಜಾತಕ ಕೇಳಿ: ಕೆನಡಾದಿಂದಿಳಿದ ಒಣ ಚಳಿಗಾಳಿಯೂ ಅಟ್ಲಾಂಟಿಕ್ಕಿನ ಬೆಚ್ಚನೆಯ ತೇವದ ಗಾಳಿಯೂ ಕರಾವಳಿಯ ಹತ್ತಿರ ಕೂಡಿ ಸುಳಿಯಾಗುತ್ತವೆ. ಸುಳಿ ಕಡಲಲ್ಲೇ ಇರುತ್ತದೆ, ಗಾಳಿ ಮಾತ್ರ ಈಶಾನ್ಯದಿಂದ ನೆಲಕ್ಕೆ ನುಗ್ಗುತ್ತದೆ. ಹೆಸರೇ ನಾರ್‌ಈಸ್ಟರ್. ಯಾವ ಅಡ್ಡಿಯೂ ಇಲ್ಲದ ನಮ್ಮ ಶುಭದ್ವಾರಕ್ಕೆ ಅದು ನೇರವಾಗಿ ಬಂದು ಎದೆಮಟ್ಟ ಹಿಮ ಪೇರಿಸಿತು. ಹೊರಬಾಗಿಲು ಹೊರಗೇ ತೆರೆಯುವಂಥದ್ದು, ಒಂದಿಂಚೂ ಅಲುಗಲಿಲ್ಲ. ಗ್ಯಾರೇಜಿನ ಬಾಗಿಲಿಗೆ ಕರೆಂಟಿಲ್ಲ. ಅದರ ಕೆಂಪು ಹಗ್ಗ ಎಳೆದರೆ ಕೈಯಲ್ಲೇ ಎತ್ತಬಹುದಂತೆ. ಹಗ್ಗವನ್ನು ಆರು ವರ್ಷದಿಂದ ಅಲಂಕಾರವೆಂದುಕೊಂಡಿದ್ದೆ. ಕಡೆಗೆ ಅಡುಗೆಮನೆಯ ಕಿಟಕಿಯಿಂದ ತಲೆ ಮೊದಲಾಗಿ ಹೊರಬಿದ್ದೆ. ಅದು ದಕ್ಷಿಣದ ಕಿಟಕಿ, ಯಮನ ದಿಕ್ಕು. ಅಪ್ಪನಿಗೆ ಇದನ್ನು ಈವರೆಗೆ ಹೇಳಿಲ್ಲ.

ಗಾಳಿ ನಿಂತದ್ದು ಮೂರು ಗಂಟೆಗಲ್ಲ, ರಾತ್ರಿಗೆ. ಮರುದಿನ ಸಲಿಕೆ ಹಿಡಿದೆ. ಮಾರ್ಚಿನ ಹಿಮ ಜನವರಿಯದರಂತೆ ಹತ್ತಿಯಲ್ಲ, ನೆನೆದ ಇಡ್ಲಿ ಹಿಟ್ಟು. ಎಂಜಿನಿಯರಲ್ಲವೆ, ಸುಸ್ತಾಗಿ ನಿಂತಾಗ ಲೆಕ್ಕ ಹಾಕಿದೆ: 20 ಅಡಿ ಅಗಲ, 40 ಅಡಿ ಉದ್ದದ ಜಾಗ, 20 ಇಂಚು ಹಿಮ, ಹತ್ತು ಇಂಚಿಗೆ ಒಂದಿಂಚು ನೀರೆಂದರೂ ಮೂರೂಮುಕ್ಕಾಲು ಟನ್. ಅಂದರೆ 75 ಕೆಜಿಯ 50 ಮೂಟೆ ಭತ್ತ. ಲೆಕ್ಕ ಹಾಕಬಾರದಿತ್ತು. ಮಧ್ಯಾಹ್ನದ ಹೊತ್ತಿಗೆ ಬೀದಿಯವರೆಗೆ ದಾರಿ ಬಿಡಿಸಿ ಸೊಂಟದ ಮೇಲೆ ಕೈಯಿಟ್ಟು ಹೆಮ್ಮೆಯಿಂದ ನೋಡುತ್ತಿದ್ದೆ. ಊರಿನ ಹಿಮ ತಳ್ಳುವ ಲಾರಿ ಬಂದು ಇಡೀ ಬೀದಿಯ ಹಿಮವನ್ನು ನನ್ನ ಬಾಯಿಗೆ ಅಡ್ಡಲಾಗಿ ಗೋಡೆ ಕಟ್ಟಿ ಹೋಯಿತು. ‘ಬಾಯಿಗೆ’ ಅಂದದ್ದು ಡ್ರೈವ್‌ವೇ ಬಾಯಿಗೆ.

ಆಗ ಎದುರುಮನೆಯ ಮುದುಕ ಬಂದ. ನನ್ನ ಯಂತ್ರ ತಳ್ಳಿಕೊಂಡು. ಹತ್ತು ನಿಮಿಷದಲ್ಲಿ ಗೋಡೆ ಮಾಯ. ದುಡ್ಡು ಕೊಡಹೋದರೆ ಬೇಡವೆಂದ. ‘ಒಳ್ಳೇ ಮೆಷೀನು, ಸಸ್ತಾ ಸಿಕ್ಕಿತು’ ಎಂದ.

ಆ ವಾರವೇ ಹೊಸ ಸ್ನೋಬ್ಲೋವರ್ ಪೂರ್ತಿ ಬೆಲೆಗೆ ತಂದೆ. ಗ್ಯಾಸ್ ಸ್ಟವ್, ನಾಲ್ಕು ಚೀಲ ಉಪ್ಪು, ಟಾರ್ಚು, ಬ್ರೆಡ್ಡು, ಎಲ್ಲ. 18ಕ್ಕೆ ಯುಗಾದಿ. ಬೇವು ಬೆಲ್ಲ ತಿಂದು ನಾಲ್ಕನೆಯ ನಾರ್‌ಈಸ್ಟರ್‌ಗೆ ಎದೆಯೊಡ್ಡಿ ನಿಂತೆ. 21ನೇ ತಾರೀಕು ಅದು ನ್ಯೂಯಾರ್ಕಿನ ಮೇಲೆ ಸುರಿದು ಕಡಲಿಗೆ ಸರಿಯಿತು. ನಮ್ಮಂಗಳಕ್ಕೆ ಬಿದ್ದದ್ದು ರಂಗೋಲಿಗೂ ಸಾಲದಷ್ಟು.

ಯಂತ್ರ ಗ್ಯಾರೇಜಿನಲ್ಲೇ ಇದೆ, ಒಂದು ಸಲವೂ ಬಳಸಿಲ್ಲ. ಬೇಕಾದವರು ಬಂದು ನೋಡಬಹುದು. ಶಿವರಾತ್ರಿ ಕಳೆದ ಮೇಲೆ ಬಂದರೆ ಅರ್ಧ ಬೆಲೆ.